ಹಿಡಿಕೆ ಇದ್ದದ್ದೇ ತಪ್ಪಾಯಿತೇ?

ಪ್ರಶ್ನೆ: ತರಕಾರಿಯವನ ಹತ್ತಿರ ಒಂದು ತೊಟ್ಟೆ (ಪ್ಲಾಸ್ಟಿಕ್ ಚೀಲ) ಕೇಳಿದರೆ ಐದು ಸಾವಿರ ದಂಡ ಬೀಳುತ್ತದೆ ಎಂದು ಅತ್ತಿತ್ತ ನೋಡುತ್ತಾನೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸ್, ಶಾಂಪೂ, ಅಕ್ಕಿ, ಬೇಳೆ ಎಲ್ಲವೂ ಪ್ಲಾಸ್ಟಿಕ್ಕಿನಲ್ಲೇ ಇರುತ್ತವೆ. ಅದಕ್ಕೇಕೆ ನಿಷೇಧವಿಲ್ಲ? ಈ ಕಾನೂನು ಬಡವನ ಚೀಲಕ್ಕೆ ಮಾತ್ರವೇ? (ಮುಂಬಯಿ ಪಕ್ಕದ ಡೊಂಬಿವಲಿಯ ಓದುಗರೊಬ್ಬರು)

ಮಳೆಗಾಲ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ದನಿಯಲ್ಲಿ ಬರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಬೇಡ: ನಿಮ್ಮ ಅನುಮಾನ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಒಂದು ಪ್ರಾಮಾಣಿಕ ಕಾರಣವಿದೆ. ಅದನ್ನೇ ಮೊದಲು ಹೇಳುತ್ತೇನೆ, ಇಲ್ಲವಾದರೆ ಇದು ಬರೀ ಬೈಗುಳವಾಗುತ್ತದೆ.

ಆ ಕಾರಣ ಸಿಗುವುದು ಹಳೆಯ ಸಾಮಾನು ಕೊಳ್ಳುವ ರದ್ದಿವಾಲಾನ ತಕ್ಕಡಿಯಲ್ಲಿ. ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ ಖಾಲಿಯಾದರೆ ಅದನ್ನು ಕತ್ತರಿಸಿ, ತೊಳೆದು, ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿ ಒಣಗಿಸುತ್ತಾರೆ. ನಿಮ್ಮ ಮನೆಯಲ್ಲೂ ಇರಬಹುದು. ತಿಂಗಳ ಕೊನೆಗೆ ಆ ಕಟ್ಟು ಹಳೆಯ ಪೇಪರಿನ ಜೊತೆ ತಕ್ಕಡಿ ಏರಿ ನಾಲ್ಕು ಕಾಸು ತರುತ್ತದೆ. ಅದೇ ಮನೆಯಲ್ಲಿ ಕೊತ್ತಂಬರಿ ಸೊಪ್ಪು ತಂದ ತೆಳು ತೊಟ್ಟೆಯನ್ನು ಯಾರೂ ತೊಳೆಯುವುದಿಲ್ಲ. ಮೂರು ಗ್ರಾಂ ತೂಗುವ ತೊಟ್ಟೆ ಒಂದು ಕಿಲೋ ಆಗಬೇಕಾದರೆ 330ಕ್ಕೂ ಹೆಚ್ಚು ಆಯಬೇಕು, ಅದೂ ಮಣ್ಣು, ಮೀನಿನ ನೀರು, ಕೊಳೆತ ಟೊಮೇಟೊ ಮೆತ್ತಿಕೊಂಡದ್ದನ್ನು. ಕಸ ಆಯುವ ಹೆಂಗಸು ಅಷ್ಟು ಹೊತ್ತಿನಲ್ಲಿ ಹತ್ತು ಬಾಟಲಿ ಹೆಕ್ಕಿ ಮುಂದೆ ಹೋಗಿರುತ್ತಾಳೆ. ಧಾರಾವಿಯ ಮರುಬಳಕೆಯ ಗಲ್ಲಿಗಳಲ್ಲಿ ಒಡೆದ ಬಕೆಟ್ಟಿಗೆ ಬೆಲೆಯಿದೆ, ಕುರ್ಚಿಯ ಕಾಲಿಗೆ ಬೆಲೆಯಿದೆ. ಹೊಲಸಾದ ತೊಟ್ಟೆಗೆ ಬೆಲೆಯಿಲ್ಲ. ಯಾರಿಗೂ ಬೇಡವಾದದ್ದು ಗಾಳಿಗೆ ಹಾರಿ ನಾಲೆಗೆ ಬೀಳುತ್ತದೆ.

ಸರ್ಕಾರಗಳು ಚೀಲದ ದಪ್ಪವನ್ನು ಹಿಡಿದುಕೊಂಡು ಜಗ್ಗಾಡುವುದೂ ಇದಕ್ಕಾಗಿಯೇ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕೇಂದ್ರದ ನಿಯಮದಲ್ಲಿ ಚೀಲದ ಕನಿಷ್ಠ ದಪ್ಪ 2016ರಲ್ಲಿ 50 ಮೈಕ್ರಾನ್ ಇತ್ತು, 2021ರ ಸೆಪ್ಟೆಂಬರ್ 30ರಿಂದ 75 ಆಯಿತು, 2022ರ ಡಿಸೆಂಬರ್ 31ರಿಂದ 120. ದಪ್ಪವಾದರೆ ತೂಕ ಬರುತ್ತದೆ, ತೂಕ ಬಂದರೆ ಆಯುವವರು ಬರುತ್ತಾರೆ, ಅಂಗಡಿಯವನೂ ಪುಕ್ಕಟೆ ಕೊಡಲು ಹಿಂದೆಮುಂದೆ ನೋಡುತ್ತಾನೆ ಎಂಬ ಲೆಕ್ಕ. ಲೆಕ್ಕ ಚೆನ್ನಾಗಿದೆ. ಆದರೆ ಸಂಜೆ ಏಳರ ಮಾರ್ಕೆಟ್ಟಿನ ನೂಕುನುಗ್ಗಲಲ್ಲಿ ಮೈಕ್ರೋಮೀಟರ್ ಹಿಡಿದು 75ಕ್ಕೂ 120ಕ್ಕೂ ವ್ಯತ್ಯಾಸ ಹೇಳುವವರು ಯಾರು?

ಈಗ ಅದೇ ತಕ್ಕಡಿಗೆ ಚಿಪ್ಸ್ ಪ್ಯಾಕೆಟ್ ಹಾಕಿ ನೋಡಿ. ಒಳಗೆ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ಬೇರೆ ಬೇರೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಒಂದಕ್ಕೊಂದು ಅಂಟಿಸಿದ್ದು. ಮತ್ತೆ ಬಿಡಿಸುವುದು ಲಾಭದ ಕೆಲಸವಲ್ಲ. ರದ್ದಿವಾಲಾ ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ. ತೊಟ್ಟೆಗೆ ಯಾವ ನ್ಯಾಯವೋ ಅದೇ ನ್ಯಾಯ ಹಚ್ಚಿದ್ದರೆ ಮೊದಲು ನಿಷೇಧವಾಗಬೇಕಾಗಿದ್ದುದು ಇದು. ಆಗಲಿಲ್ಲ. ನಿಮ್ಮ ಮುಕ್ಕಾಲು ಪಾಲಿನ ಅನುಮಾನ ಸರಿಯಾಗುವುದು ಇಲ್ಲಿಂದ ಮುಂದೆ.

ಕೇಂದ್ರದ 2016ರ ನಿಯಮದಲ್ಲಿ ಕ್ಯಾರಿಬ್ಯಾಗ್ ಎಂದರೇನು ಎಂಬ ವ್ಯಾಖ್ಯೆಯಿದೆ. ಸಾಮಾನು ಒಯ್ಯಲು ತನ್ನದೇ ಹಿಡಿಕೆಯಂಥ ಏರ್ಪಾಡು ಇರುವ ಪ್ಲಾಸ್ಟಿಕ್ ಚೀಲ ಅದು. ಸರಕನ್ನು ಮೊದಲೇ ತುಂಬಿ ಸೀಲ್ ಮಾಡಿದ ಪೊಟ್ಟಣ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂದರೆ ಒಂದೇ ಪ್ಲಾಸ್ಟಿಕ್ಕಿಗೆ ಹಿಡಿಕೆ ಬಂದರೆ ಒಂದು ಕಾನೂನು, ಬಾಯಿಗೆ ಸೀಲ್ ಬಿದ್ದರೆ ಇನ್ನೊಂದು. ಮಹಾರಾಷ್ಟ್ರ ಇದಕ್ಕಿಂತ ಬಿಗಿಯಾಗಿ ಹೊರಟಿತು. 2018ರ ಮಾರ್ಚ್ 23ರ ಅಧಿಸೂಚನೆ ಹಿಡಿಕೆ ಇರಲಿ ಇಲ್ಲದಿರಲಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಚೀಲವೇ ಬೇಡ ಎಂದಿತು. ತಯಾರಿಕೆ, ಮಾರಾಟ, ಸಾಗಣೆ, ಸಂಗ್ರಹ, ಬಳಕೆ ಎಲ್ಲಕ್ಕೂ ತಡೆ. ಮೊದಲ ಸಲಕ್ಕೆ 5,000 ರೂಪಾಯಿ ದಂಡ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ಮತ್ತು ಮೂರು ತಿಂಗಳ ಜೈಲು. ಮೂರು ತಿಂಗಳ ಗಡುವು ಮುಗಿದು ಜೂನ್ 23ಕ್ಕೆ ಜಾರಿಗೆ ಬಂತು. ಆದರೆ ಅದೇ ಕಾಗದದಲ್ಲಿ, ತಯಾರಿಕೆಯ ಹಂತದಲ್ಲೇ ಸರಕಿಗೆ ಸುತ್ತುವ ಪ್ಲಾಸ್ಟಿಕ್ಕಿಗೆ ವಿನಾಯಿತಿಯೂ ಇತ್ತು. ಕಾರ್ಖಾನೆಯಲ್ಲಿ ಸುತ್ತಿದರೆ ಪ್ಯಾಕಿಂಗು, ಅಂಗಡಿಯಲ್ಲಿ ಸುತ್ತಿದರೆ ಅಪರಾಧ. ಕಿರಾಣಿಯವರು ಗಲಾಟೆ ಎಬ್ಬಿಸಿದರು: ದೊಡ್ಡ ಕಂಪನಿ ಸಕ್ಕರೆ ತುಂಬಬಹುದಾದರೆ ನಾವೇಕೆ ತುಂಬಬಾರದು? ನ್ಯಾಯವಾದ ಮಾತೇ. ಜಾರಿಯಾದ ವಾರದೊಳಗೆ ಕಿರಾಣಿಯ ಚಿಲ್ಲರೆ ಪ್ಯಾಕಿಂಗಿಗೆ, 50 ಮೈಕ್ರಾನಿಗಿಂತ ದಪ್ಪವಿದ್ದರೆ, ಸಡಿಲಿಕೆ ಸಿಕ್ಕಿತು. ಕೊನೆಗೆ ಕಟ್ಟೆಯ ಮೇಲೆ ಒಂಟಿಯಾಗಿ ಉಳಿದವನು ತರಕಾರಿಯವನು. ಅವನಿಗೆ ಸಂಘವೂ ಇಲ್ಲ, ವಕೀಲನೂ ಇಲ್ಲ.

ದಿಲ್ಲಿಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. 2016ರ ನಿಯಮ, ಮರುಬಳಕೆಯಾಗದ ಪದರಪದರದ ಪ್ಯಾಕೆಟ್ಟುಗಳನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎಂದಿತ್ತು. ಆ ಎರಡು ವರ್ಷ ತುಂಬಿದ ಹೊತ್ತಿಗೆ, 2018ರ ಮಾರ್ಚ್ 27ರಂದು, ಅಂದರೆ ಮುಂಬಯಿಯ ನಿಷೇಧ ಹೊರಬಿದ್ದ ನಾಲ್ಕೇ ದಿನಕ್ಕೆ, ತಿದ್ದುಪಡಿ ಬಂತು. ಮರುಬಳಕೆಯಾಗದ, ಸುಟ್ಟು ಶಕ್ತಿ ಪಡೆಯಲೂ ಬಾರದ, ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಯಾಕೆಟ್ಟು ಮಾತ್ರ ನಿಲ್ಲಬೇಕು ಎಂದಾಯಿತು. ಸಿಮೆಂಟಿನ ಗೂಡಿಗೆ ಹಾಕಿದರೆ ಎಲ್ಲ ಪ್ಲಾಸ್ಟಿಕ್ಕೂ ಉರಿಯುತ್ತದೆ. ಹಾಗಾಗಿ ನಿಲ್ಲಬೇಕಾದದ್ದು ಏನೂ ಉಳಿಯಲಿಲ್ಲ. ಪ್ಯಾಕೆಟ್ ತಯಾರಿಸುವ ಕಂಪನಿಗಳೇ ಅಷ್ಟು ಪ್ಲಾಸ್ಟಿಕ್ಕನ್ನು ವಾಪಸ್ ಸಂಗ್ರಹಿಸಬೇಕು ಎಂಬ ಹೊಣೆ ಕಾಗದದ ಮೇಲೆ ಇದೆ, 2022ರಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂದಿದೆ. ಆದರೆ ಕಂಪನಿಯ ಹೊಣೆ ಲೆಕ್ಕಪುಸ್ತಕದಲ್ಲಿ ತೀರುತ್ತದೆ, ತರಕಾರಿಯವನದ್ದು ಆ ಕ್ಷಣಕ್ಕೆ ಗಲ್ಲಾಪೆಟ್ಟಿಗೆಯಲ್ಲಿ.

ಚೀಲದ ಮೇಲೆಯೇ ಏಕೆ ಇಷ್ಟು ಸಿಟ್ಟು ಎಂದರೆ, ಮುಂಬಯಿಗೆ 2005ರ ಜುಲೈ 26 ಮರೆತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಮ್ಮ ಕಡೆಯ ಎಷ್ಟೋ ಹೋಟೆಲ್ ಹುಡುಗರು ಎದೆಮಟ್ಟದ ನೀರಿನಲ್ಲಿ ನಡೆದು ಮರುದಿನ ಖೋಲಿ ಸೇರಿದ್ದರು. ನೀರಿಳಿದ ಮೇಲೆ ನಾಲೆಗಳ ಬಾಯಲ್ಲಿ ಕಂಡದ್ದು ತೊಟ್ಟೆಗಳ ರಾಶಿ. ಅದಾದ ಮೇಲೆ 50 ಮೈಕ್ರಾನಿಗಿಂತ ತೆಳುವಾದ ಚೀಲಕ್ಕೆ ರಾಜ್ಯದಲ್ಲಿ ನಿಷೇಧ ಬಂತು. ತೊಟ್ಟೆ ಚರಂಡಿ ಕಟ್ಟಿದ್ದು ಸುಳ್ಳಲ್ಲ. ಆದರೆ ಈ ಶಹರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು, ಅದೂ ಕಡಲು ಇಳಿದಿರುವಾಗ, ಕಟ್ಟಿದವು. ಮೀಠಿ ನದಿಯ ಪಾತ್ರವನ್ನು ಎರಡೂ ಕಡೆಯಿಂದ ಒತ್ತಿ ಕಿರಿದುಗೊಳಿಸಿದವರು ಬೇರೆ. ನದಿ ಒತ್ತಿದವರನ್ನು ಕೋರ್ಟಿಗೆ ಎಳೆಯುವುದಕ್ಕಿಂತ ತೊಟ್ಟೆಯನ್ನು ಹಿಡಿಯುವುದು ಸುಲಭ. ಕೈಗೆ ಸಿಕ್ಕ ಕಳ್ಳನೇ ದೊಡ್ಡ ಕಳ್ಳ.

ಹಾಗಾದರೆ ನಿಷೇಧವಾಗಿ ಇಷ್ಟು ವರ್ಷವಾದರೂ ತೊಟ್ಟೆ ಏಕೆ ಸಿಗುತ್ತದೆ? ಶನಿವಾರ ಬೆಳಿಗ್ಗೆ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ನೋಡಿ. ಪತ್ರೊಡೆಗೆ ಕೆಸುವಿನ ಎಲೆ, ಮಂಗಳೂರು ಸೌತೆ, ಬಾಳೆಲೆ ಎಲ್ಲ ಸಿಗುವ ಜಾಗ, ನಮ್ಮವರು ಥಾಣೆ, ಮುಲುಂಡಿನಿಂದಲೂ ಬರುತ್ತಾರೆ. ಕರಾವಳಿಯವರು ‘ತೊಟ್ಟೆ’ ಅನ್ನುತ್ತಾರೆ, ಬೆಂಗಳೂರಿನಿಂದ ಹೊಸದಾಗಿ ಬಂದವರು ‘ಕವರ್’ ಅನ್ನುತ್ತಾರೆ, ಗಾಡಿಯವನ ಕಿವಿಗೆ ಅರ್ಥವಾಗುವುದು ‘ಪಿಶವಿ’. ನಾನು ಬಲ್ಲ ಗಾಡಿಯವನೊಬ್ಬ ಜೂನ್ 2018ರಲ್ಲಿ ನಿಜವಾಗಿಯೂ ಚೀಲ ಇಡುವುದನ್ನು ಬಿಟ್ಟಿದ್ದ. ಎರಡು ವಾರ. ಗಿರಾಕಿ ಬದನೆಕಾಯಿ ಆರಿಸಿ, ತೂಗಿಸಿ, ಪಿಶವಿ ಇಲ್ಲ ಎಂದೊಡನೆ ಅಲ್ಲೇ ಸುರಿದು ಪಕ್ಕದ ಗಾಡಿಗೆ ಹೋಗುತ್ತಿದ್ದಳಂತೆ. ಪಕ್ಕದವನ ಗೋಣಿಯ ಕೆಳಗೆ ಕಟ್ಟು ಇರುತ್ತಿತ್ತು. ಎಲ್ಲರೂ ಬಿಟ್ಟರೆ ಎಲ್ಲರಿಗೂ ಕ್ಷೇಮ, ಒಬ್ಬನೇ ಬಿಟ್ಟರೆ ಅವನ ಹೊಟ್ಟೆಗೆ ಕಲ್ಲು. ಈಗ ಅವನ ಗೋಣಿಯ ಕೆಳಗೂ ಕಟ್ಟು ಇದೆ.

ದಂಡ ದೊಡ್ಡದಾದರೆ ಹೆದರುತ್ತಾರೆ ಎಂಬುದು ಕಾಗದದ ನಂಬಿಕೆ. ದಿನಕ್ಕೆ ಸಾವಿರ ಉಳಿದರೆ ದೊಡ್ಡದು ಎನ್ನುವವನಿಗೆ 5,000ದ ರಸೀದಿ ಹರಿಯಲು ಇನ್‌ಸ್ಪೆಕ್ಟರನಿಗೇ ಕೈ ಬರುವುದಿಲ್ಲ. ಕೈ ಬಂದಾಗ ಅಲ್ಲಿ ಶುರುವಾಗುವುದು ಚೌಕಾಸಿ. ಕೇಂದ್ರವೂ 2016ರಲ್ಲಿ ಇಂಥದ್ದೇ ಒಂದು ಯೋಚನೆ ಮಾಡಿತ್ತು: ಪ್ಲಾಸ್ಟಿಕ್ ಚೀಲ ಕೊಡಬಯಸುವ ಅಂಗಡಿಯವನು, ಬೀದಿ ವ್ಯಾಪಾರಿಯೂ ಸೇರಿ, ನಗರಸಭೆಯಲ್ಲಿ ಹೆಸರು ಬರೆಸಿ ತಿಂಗಳಿಗೆ ಕನಿಷ್ಠ 4,000 ರೂಪಾಯಿ ಕಟ್ಟಬೇಕು, ವರ್ಷಕ್ಕೆ 48,000. ನಿಂಬೆಹಣ್ಣು ಮಾರುವವಳು! ಎರಡೇ ವರ್ಷದಲ್ಲಿ, ಮೇಲೆ ಹೇಳಿದ ಅದೇ ತಿದ್ದುಪಡಿಯಲ್ಲಿ, ಆ ನಿಯಮ ಸದ್ದಿಲ್ಲದೆ ಹೋಯಿತು.

ಐರ್ಲೆಂಡ್ ಬೇರೆ ದಾರಿ ಹಿಡಿದಿತ್ತು. 2002ರಲ್ಲಿ ಚೀಲವನ್ನು ನಿಷೇಧಿಸದೆ ಪ್ರತಿ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿತು. ಅಂಗಡಿಯವನು ಅದನ್ನು ಗಿರಾಕಿಯ ಬಿಲ್ಲಿನಲ್ಲೇ ತೋರಿಸಬೇಕು. ತಲೆಗೆ ವರ್ಷಕ್ಕೆ ಸುಮಾರು 328 ಚೀಲ ಇದ್ದದ್ದು 21ಕ್ಕೆ ಇಳಿಯಿತು. ಅಲ್ಲಿ ದುಡ್ಡು ಹೋಗುವುದು ಚೀಲ ಬೇಕು ಎಂದವರ ಜೇಬಿನಿಂದ, ಕೊಟ್ಟವನ ಜೇಬಿನಿಂದಲ್ಲ. ಬಿಲ್ಲೇ ಇಲ್ಲದ ನಮ್ಮ ಗಾಡಿ ವ್ಯಾಪಾರಕ್ಕೆ ಅದನ್ನು ಹಾಗೆಯೇ ತರಲಾಗದು, ಒಪ್ಪುತ್ತೇನೆ. ಆದರೆ ಗಾಡಿಯವನನ್ನು ಹಿಡಿಯುವ ಬದಲು ಚೀಲದ ಕಾರ್ಖಾನೆ, ಗೋದಾಮು, ಲಾರಿ ಹಿಡಿಯಬಹುದಲ್ಲ? ಅಲ್ಲೂ ಒಂದು ಗಂಟಿದೆ. ರಾಜ್ಯದೊಳಗೆ ಯಾವ ದಪ್ಪದ ಚೀಲವೂ ಬೇಡ, ಗಡಿಯಾಚೆ, ಕೇಂದ್ರದ ನಿಯಮವಷ್ಟೇ ಇರುವ ಕಡೆ, 120 ಮೈಕ್ರಾನಿನದು ಕಾನೂನುಬದ್ಧ. ಲಾರಿಯಲ್ಲಿ ಮೇಲಿನ ಕಟ್ಟು ದಪ್ಪ, ಕೆಳಗಿನದು ತೆಳು ಇದ್ದರೆ ಬಿಚ್ಚಿ ನೋಡುವವರು ಬೇಕು. ನಮ್ಮ ಕರ್ನಾಟಕವೂ 2016ರ ಮಾರ್ಚಿನಲ್ಲೇ ದಪ್ಪ ನೋಡದೆ ಚೀಲ ನಿಷೇಧಿಸಿದೆ. ಊರಿಗೆ ಹೋದಾಗ ಸಂತೆಯಲ್ಲಿ ಎಷ್ಟು ನಿಂತಿದೆ ಎಂಬುದನ್ನು ನೀವೇ ಕಂಡಿದ್ದೀರಿ.

ಇನ್ನು ಬದಲಿಯ ಮಾತು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ, ಪೂಜೆ, ಮದುವೆಗಳಲ್ಲಿ ಹೆಸರು ಅಚ್ಚುಹಾಕಿಸಿ ಹಂಚುವ ಬಣ್ಣದ ‘ಬಟ್ಟೆ ಚೀಲ’ ಇದೆಯಲ್ಲ, ಅದು ಬಟ್ಟೆಯಲ್ಲ. ನಾನ್‌ವೋವನ್ ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. 2018ರ ನಿಷೇಧದ ಪಟ್ಟಿಯಲ್ಲಿ ಅದೂ ಇತ್ತು. ಅನುಮಾನವಿದ್ದರೆ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ: ಬೂದಿಯಾದರೆ ಹತ್ತಿ, ಕರಗಿ ಮಣಿಯಂತೆ ಗಟ್ಟಿಯಾದರೆ ಪ್ಲಾಸ್ಟಿಕ್. ವೇದಿಕೆಯ ಮೇಲೆ ಪರಿಸರದ ಭಾಷಣ, ಹೊರಗೆ ಬಾಗಿಲಲ್ಲಿ ಈ ಚೀಲ. ನಾನೂ ಅಂಥ ಒಂದು ಭಾಷಣ ಮಾಡಿ ಆ ಚೀಲ ಹಿಡಿದುಕೊಂಡೇ ಲೋಕಲ್ ಹತ್ತಿದ್ದೇನೆ.

ಹತ್ತಿಯ ಚೀಲವಾದರೆ ಪಾಪ ಕಳೆಯಿತೇ? ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಹಾಕಿದ ಲೆಕ್ಕದಂತೆ, ಹವಾಮಾನದ ಪರಿಣಾಮ ಒಂದನ್ನೇ ನೋಡಿದರೂ ಹತ್ತಿಯ ಚೀಲವನ್ನು 52 ಸಲ ಬಳಸಿದರೆ ಮಾತ್ರ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸರಿಸಮ. ನೀರು, ಗೊಬ್ಬರ, ಓಜೋನ್ ಎಲ್ಲ ಸೇರಿಸಿದರೆ 7,100 ಸಲ. ಪ್ಲಾಸ್ಟಿಕ್ ಪರ ವಾದಿಸುವವರು ಈ ಸಂಖ್ಯೆಯನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ಲೆಕ್ಕದಲ್ಲಿ ಬಿಸಾಡಿದ ಚೀಲ ನಾಲೆಗೆ ಬಿದ್ದರೆ ಏನಾಗುತ್ತದೆ ಎಂಬುದು ಸೇರಿಲ್ಲ. ಕಸವೆಲ್ಲ ಬುಟ್ಟಿಗೇ ಬಿದ್ದು, ಬುಟ್ಟಿಯಿಂದ ನೇರ ಕುಲುಮೆಗೆ ಹೋಗುವ ದೇಶದ ಲೆಕ್ಕ ಅದು. ದೇವನಾರ್ ಕಸದ ಗುಡ್ಡದ ಪಕ್ಕ ಬದುಕುವವರಿಗೆ ಅದು ಹೊಂದುವುದಿಲ್ಲ. 52 ಸಲ ಎಂಬುದೂ ಅಷ್ಟೇನೂ ದೊಡ್ಡದಲ್ಲ, ವಾರಕ್ಕೊಮ್ಮೆ ಒಯ್ದರೆ ಒಂದು ವರ್ಷ. ನನ್ನ ಅತ್ತೆ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲ ನಮ್ಮ ಮನೆಯ ಬಾಗಿಲ ಮೊಳೆಯಲ್ಲಿ ಹನ್ನೊಂದು ವರ್ಷದಿಂದ ತೂಗುತ್ತಿದೆ. ಅದಕ್ಕೆ ಹೊಸ ಹತ್ತಿಯೂ ಬೇಕಾಗಿರಲಿಲ್ಲ.

ಹೋಟೆಲಿನವರ ಕಷ್ಟ ಬೇರೆ ತರಹದ್ದು. ಸಾಂಬಾರಿಗೆ ತೊಟ್ಟೆ ಬಿಟ್ಟರೆ ಬೇರೆ ಏನು? ಬಿಸಿ ಸಾಂಬಾರನ್ನು ತೆಳು ತೊಟ್ಟೆಗೆ ಸುರಿದು ಗಾಳಿ ತುಂಬಿ ದಾರ ಸುತ್ತುವ ಆ ಒಂದು ಕೈಚಳಕ ಉಡುಪಿ ಹೋಟೆಲಿನ ಪಾರ್ಸೆಲ್ ಕೌಂಟರಿನದ್ದೇ. 2018ರ ಪಟ್ಟಿಯಲ್ಲಿ ದ್ರವ ತುಂಬುವ ಪೌಚಿಗೂ ತಡೆ ಬಿತ್ತು. ಸ್ಟೀಲಿನ ಡಬ್ಬಿ ತನ್ನಿ ಎಂದು ಬೋರ್ಡು ಹಾಕಿದವರಿದ್ದರು, ಒಂದೆರಡು ತಿಂಗಳು ನಾನೂ ಒಯ್ದೆ. ಈಗ ಅದೇ ಸಾಂಬಾರು ಮುಚ್ಚಳದ ಗಟ್ಟಿ ಡಬ್ಬಿಯಲ್ಲಿ ಬರುತ್ತದೆ, ತೊಟ್ಟೆಗಿಂತ ಎಷ್ಟೋ ಪಟ್ಟು ಹೆಚ್ಚು ಪ್ಲಾಸ್ಟಿಕ್. ತೊಳೆದು ಮತ್ತೆ ಬಳಸಬಹುದು ಎಂಬುದು ಸಮರ್ಥನೆ. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಅಂಥವು ನಲವತ್ತು ಇವೆ, ಮುಚ್ಚಳ ಯಾವುದಕ್ಕೂ ಸರಿಹೊಂದುವುದಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ, ಮಾಲ್‌ನವರು ಚೀಲಕ್ಕೆ ಹತ್ತು ರೂಪಾಯಿ ಬಿಲ್ ಮಾಡಿದ್ದು ಸರಿಯೇ ಎಂದೂ ಕೇಳಿದ್ದೀರಿ. ಹಣ ಕೇಳುವುದೇ ತಪ್ಪು ಎಂದಲ್ಲ. ಆದರೆ ಚೀಲಕ್ಕೆ ಬೆಲೆ ಎಷ್ಟು, ಅದು ಎಂಥದ್ದು ಎಂಬುದನ್ನು ಗಿರಾಕಿ ಸಾಮಾನು ಆರಿಸುವ ಮೊದಲೇ ತಿಳಿಸಿರಬೇಕು, ಕೌಂಟರಿನಲ್ಲಿ ಏಕಾಏಕಿ ಸೇರಿಸುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಒಳಗೆ ಹೋಗುವಾಗ ಬಾಗಿಲಲ್ಲಿ ಬೋರ್ಡು ಇತ್ತೇ, ನೆನಪು ಮಾಡಿಕೊಳ್ಳಿ. ಇರದಿದ್ದರೆ ಆ ಬಿಲ್ಲನ್ನು ಎಸೆಯಬೇಡಿ.