ಕಡಲಾಚೆಯ ಪತ್ರಗಳನ್ನು ಓದುವ ಬಗೆ: ಉತ್ತರ ಕನ್ನಡದ ಇತಿಹಾಸ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಭಟ್ಕಳ, ಮುರ್ಡೇಶ್ವರದ ಮನೆಗಳಿಗೆ ಗಲ್ಫ್‌ನಿಂದ ಬಂದ ಪತ್ರಗಳು, ಕಾರವಾರ, ಅಂಕೋಲೆಯ ಸೈನಿಕರೂ ಹಡಗಿನ ಕೆಲಸಗಾರರೂ ಬರೆದವು, ಶಿರಸಿ ಕಡೆಯ ತೋಟದ ಮನೆಗಳಿಗೆ ಅಮೆರಿಕದಿಂದ ಬಂದ ನೀಲಿ ಏರೋಗ್ರಾಮುಗಳು (ಬರೆದ ಹಾಳೆಯನ್ನೇ ಮಡಚಿ ಅಂಟಿಸಿ ಕಳಿಸುವ ವಿಮಾನದ ಅಂಚೆ ಕಾಗದ): ಇವನ್ನು ಆಕರವಾಗಿ ಬಳಸಲು ಹೊರಟವರು ಮೊದಲು ಒಂದು ನಂಬಿಕೆಯನ್ನು ಬಿಡಬೇಕು. ಕುಟುಂಬದ ಪತ್ರವೆಂದರೆ ಇಬ್ಬರ ನಡುವಿನ ಗುಟ್ಟಿನ ಮಾತು ಎಂಬ ನಂಬಿಕೆ ಅದು. ಕಡಲು ದಾಟಿದ ಪತ್ರವನ್ನು ಹೇಳಿದವನು ಒಬ್ಬ, ಬರೆದವನು ಇನ್ನೊಬ್ಬ, ತಡೆದು ನೋಡಿದವನು ಮತ್ತೊಬ್ಬ. ಊರಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿದವನು ಬೇರೆ. ಆ ಕೈಗಳನ್ನೆಲ್ಲ ಎಣಿಸದೆ ಯಾವ ಸಾಲಿಗೂ ಅರ್ಥ ಕಟ್ಟಬಾರದು.

ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು. 1914ರಲ್ಲಿ ಫ್ರಾನ್ಸ್‌ನಲ್ಲಿ ಅವರ ಅಂಚೆಗಾಗಿಯೇ ಪ್ರತ್ಯೇಕ ಸೆನ್ಸಾರ್ ವ್ಯವಸ್ಥೆ ಬಂತು. ಆರಿಸಿದ ಪತ್ರಗಳ ಭಾಗಗಳನ್ನು ಇಂಗ್ಲಿಷಿಗೆ ಮಾಡಿ ವರದಿಗೆ ಸೇರಿಸುತ್ತಿದ್ದರು. ಆ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮೂಲ ಪತ್ರಗಳು ಬಹುಪಾಲು ಕಳೆದುಹೋಗಿವೆ. ಹಾಗಾಗಿ ನಮಗೆ ಸಿಗುವುದು ಸಿಪಾಯಿಯ ಮಾತು, ಬರೆದುಕೊಟ್ಟವನ ಬರಹ, ಅನುವಾದಕನ ಇಂಗ್ಲಿಷ್ ಮತ್ತು ಅಧಿಕಾರಿಯ ಆಯ್ಕೆ, ನಾಲ್ಕೂ ಬೆರೆತ ವಸ್ತು. ತಮ್ಮ ಪತ್ರವನ್ನು ಮೇಲಿನವರು ಓದುತ್ತಾರೆಂದು ಸಿಪಾಯಿಗಳಿಗೂ ಗೊತ್ತಿತ್ತು. ಕರಿಮೆಣಸು ಮುಗಿಯುತ್ತಾ ಬಂದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂಬಂಥ ಸಾಲುಗಳು ಅಲ್ಲಿವೆ. ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪೆಂದರೆ ಬಿಳಿಯರು. ಶಿರಸಿಯ ಪೇಟೆಗೆ ಬಂದ ಪತ್ರದಲ್ಲಿ ಇಂಥ ಸಾಲಿದ್ದರೆ ಅದನ್ನು ನಿಜವಾದ ದರದ ಸುದ್ದಿ ಎಂದೇ ಓದಿಬಿಡುತ್ತಿದ್ದೆವು! ಆ ವರದಿಗಳಲ್ಲಿ ಪಂಜಾಬ್ ಮತ್ತು ಉತ್ತರದ ಸಿಪಾಯಿಗಳದ್ದೇ ಹೆಚ್ಚಿನ ಪಾಲು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಮರಾಠಾ ಪಡೆಗಳು ಹೆಚ್ಚಾಗಿ ಕಾದಿದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಕುಮಟೆಯ ಹೆಸರನ್ನು ಫ್ರಾನ್ಸಿನ ವರದಿಗಳಲ್ಲಿ ಹುಡುಕುವುದಕ್ಕಿಂತ ಕುಮಟೆಯ ಮನೆಗಳಲ್ಲೇ ಹುಡುಕುವುದು ಲೇಸು.

ಎರಡನೆಯ ಮಹಾಯುದ್ಧದ ಹೊತ್ತಿಗೆ ನಮ್ಮ ಜಿಲ್ಲೆಯವರು ಬರ್ಮಾದಲ್ಲಿದ್ದರು. ಮುಂದೆ 1948ರ ಕಾಶ್ಮೀರ ಯುದ್ಧದ ಶೌರ್ಯಕ್ಕೆ ಪರಮವೀರ ಚಕ್ರ ಪಡೆದ, ಕಾರವಾರದ ಬಳಿಯ ಚೆಂಡಿಯಾದ ರಾಮ ರಾಘೋಬ ರಾಣೆಯವರು ಅವರಲ್ಲೊಬ್ಬರು. ತಾನು ಎಲ್ಲಿದ್ದೇನೆಂದು ಬರೆಯಲು ಸೈನಿಕನಿಗೆ ಅನುಮತಿ ಇರಲಿಲ್ಲ. ಹಾಗಾದರೆ ಮನೆಯವರಿಗೆ ಹೇಗೆ ತಿಳಿಯುತ್ತಿತ್ತು? ಅಭ್ಯಾಸಕ್ಕಾಗಿ ನಾನೇ ಕಟ್ಟಿದ ಒಂದು ಮಾದರಿ ನೋಡಿ:

“ತೀರ್ಥರೂಪ ಅಪ್ಪಯ್ಯನವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಇಲ್ಲಿ ಮಳೆ ನಮ್ಮ ಆಷಾಢದ ಮಳೆಯ ಹಾಗೆಯೇ ಹೊಡೆಯುತ್ತಿದೆ. ಗಜನಿ ಗದ್ದೆಯ ಕಟ್ಟು ಈ ವರ್ಷ ನಿಂತಿತೇ? ಕಗ್ಗದ ಬೀಜ ತೆಗೆದಿಡಿ. ತಮ್ಮನ ಶಾಲೆ ಬಿಡಿಸಬೇಡಿ. ಮಗುವಿಗೆ ಜ್ವರ ಬಿಟ್ಟಿತೇ ಎಂದು ಅಮ್ಮನಿಂದ ಕೇಳಿ ಬರೆಯಿಸಿ.”

ಮಳೆಯ ಸಾಲು ಸೆನ್ಸಾರಿನ ಕಣ್ಣಿಗೆ ಬರಿಯ ಹವೆಯ ಮಾತು. ಮನೆಯವರಿಗೋ ಅದು ಆತ ಮರಳುಗಾಡಿನಲ್ಲಿಲ್ಲ, ಬರ್ಮಾದ ಕರಾವಳಿಯ ಅರಾಕಾನಿನಂಥ ಕಡೆ ಇದ್ದಾನೆ ಎಂಬ ಸುಳಿವು. ಗಜನಿ ಕಟ್ಟಿನ ಪ್ರಶ್ನೆಯಲ್ಲಿ ಆಜ್ಞೆಯೂ ಅಡಗಿದೆ. ಗಜನಿ ಎಂದರೆ ಅಘನಾಶಿನಿ ನದಿಯ ಹಿನ್ನೀರಿನ ಗದ್ದೆ, ಕಗ್ಗ ಅಲ್ಲಿ ಬೆಳೆಯುವ ಭತ್ತ. ಅಲ್ಲಿ ಕಟ್ಟು ಒಡೆದರೆ ಉಪ್ಪುನೀರು ನುಗ್ಗುತ್ತದೆ, ಕಟ್ಟು ಕಾಯಲು ಗಂಡಾಳು ಬೇಕು, ಆ ಆಳು ಈಗ ಊರಿನಲ್ಲಿಲ್ಲ. ಕೊನೆಯ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹೆಂಡತಿಯ ಹೆಸರು ಪತ್ರದಲ್ಲೆಲ್ಲೂ ಇಲ್ಲ. ಕೂಡುಕುಟುಂಬದಲ್ಲಿ ಪತ್ರ ಹೋಗುತ್ತಿದ್ದುದು ಹಿರಿಯರಿಗೆ, ಓದುತ್ತಿದ್ದುದು ಎಲ್ಲರ ಎದುರು. ಗಂಡ ಹೆಂಡತಿಯನ್ನು ನೇರವಾಗಿ ವಿಚಾರಿಸುವುದು ನಾಚಿಕೆಯ ವಿಷಯ. ಹಾಗಾಗಿ ಮಗುವಿನ ಜ್ವರವನ್ನು ಕೇಳುವಾಗ ಮಗುವಿನ ತಾಯಿಯನ್ನೂ ಕೇಳಿದಂತಾಯಿತು. ಇಂಥ ಪತ್ರವನ್ನು ಓದಿ “ಪತ್ನಿಯ ಬಗ್ಗೆ ಉಲ್ಲೇಖವಿಲ್ಲ” ಎಂದು ಪ್ರಬಂಧದಲ್ಲಿ ಬರೆದರೆ ಆ ಇಬ್ಬರಿಗೂ ಅನ್ಯಾಯ ಮಾಡಿದಂತೆ. ಮಕ್ಕಳ, ಹಸುಗಳ, ಹೂವಿನ ಗಿಡದ ವಿಚಾರಣೆ ಯಾರ ಕಿವಿಗಾಗಿ ಎಂದು ಪ್ರತಿಸಲವೂ ಕೇಳಿಕೊಳ್ಳಿ.

ಒಕ್ಕಣೆಯನ್ನು ಹಾರಿಸಿ ಓದಬೇಡಿ. ತೀರ್ಥರೂಪ, ಮಾತೃಶ್ರೀ, ಚಿರಂಜೀವಿ, ಗಂಗಾಭಾಗೀರಥಿ ಎಂಬ ಸಂಬೋಧನೆಗಳಿಂದ ಯಾರು ಹಿರಿಯರು, ಯಾರು ವಿಧವೆ ಎಂದು ತಿಳಿಯುತ್ತದೆ. ಹಿಂದಿನ ಪತ್ರದಲ್ಲಿ ಮಾತೃಶ್ರೀ ಎಂದಿದ್ದವರು ಈ ಪತ್ರದಲ್ಲಿ ಗಂಗಾಭಾಗೀರಥಿ ಆಗಿದ್ದರೆ ನಡುವೆ ಒಂದು ಸಾವು ನಡೆದಿದೆ. ಸಾವಿನ ಸುದ್ದಿಯ ಪತ್ರವೇ ಮನೆಯವರ ಪತ್ರಗಳ ಕಟ್ಟಿನಲ್ಲಿ ಇಲ್ಲದಿರಬಹುದು. ‘ಅಶುಭ’ ಎಂದು ತಲೆಯಲ್ಲಿ ಬರೆದ ಕಾಗದವನ್ನು ಓದಿದೊಡನೆ ಹರಿದುಹಾಕುವುದು ವಾಡಿಕೆಯಾಗಿತ್ತು. ನಮ್ಮ ಸಂಗ್ರಹಗಳಲ್ಲಿ ಮದುವೆಗಳು ಹೆಚ್ಚು, ಸಾವುಗಳು ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಗಲ್ಫ್ ಪತ್ರಗಳಿಗೆ ಬೇರೆಯದೇ ಎಚ್ಚರ ಬೇಕು. 1909ರಲ್ಲಿ ದುಬೈಯಲ್ಲಿ ತೆರೆದ ಅಂಚೆ ಕಚೇರಿ ಭಾರತದ ಅಂಚೆ ಆಡಳಿತಕ್ಕೆ ಸೇರಿತ್ತು, ಅಲ್ಲಿ ಮಾರುತ್ತಿದ್ದುದು ಭಾರತದ ಅಂಚೆಚೀಟಿ. ಆ ಕಾಲದ ಲಕೋಟೆಯ ಮೇಲೆ ಭಾರತದ ಚೀಟಿ ಕಂಡೊಡನೆ ಊರೊಳಗಿನ ಪತ್ರವೆಂದು ಪಕ್ಕಕ್ಕಿಡದೆ ಠಸ್ಸೆಯ ಮೇಲಿನ ಊರಿನ ಹೆಸರು ಓದಿ. 1970ರ ದಶಕದ ಎಣ್ಣೆಯ ಕಾಲದಲ್ಲಿ ಹೋದವರಿಗೆ ಅಂಚೆ ಬರುತ್ತಿದ್ದುದು ಮನೆಬಾಗಿಲಿಗಲ್ಲ, ಹೆಚ್ಚಾಗಿ ಕೆಲಸ ಕೊಟ್ಟವರ ಪೋಸ್ಟ್ ಬಾಕ್ಸಿಗೆ. ಅನೇಕ ಪತ್ರಗಳು ಅಂಚೆಯನ್ನೇ ಮುಟ್ಟದೆ, ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಬಂದವು. ಅವುಗಳ ಮೇಲೆ ಠಸ್ಸೆ ಇರುವುದಿಲ್ಲ. ಮಾತೂ ಚುಟುಕು, ಏಕೆಂದರೆ ಉಳಿದದ್ದನ್ನು ತಂದವರೇ ಬಾಯಲ್ಲಿ ಹೇಳುತ್ತಿದ್ದರು. ಮುಂದೆ ಕ್ಯಾಸೆಟ್ಟಿನಲ್ಲಿ ದನಿ ತುಂಬಿ ಕಳಿಸುವ ರೂಢಿ ಬಂದಾಗ ಅಕ್ಷರ ಬಾರದ ತಾಯಂದಿರೂ ಬರೆಯುವವರ ಹಂಗಿಲ್ಲದೆ ಮಾತನಾಡಿದರು. ಹಂಗು ತಪ್ಪಿದ ಆ ದನಿಗಳನ್ನು ಕಾಗದದಷ್ಟೇ ಜೋಪಾನವಾಗಿ ಹುಡುಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಡು ತುಂಬಲು ಅದೇ ಕ್ಯಾಸೆಟ್ಟನ್ನು ಮತ್ತೆ ಬಳಸಿದ ಮನೆಗಳೇ ಹೆಚ್ಚಿರಬಹುದು.

ಲಿಪಿಯ ತೊಡಕು ಚಿಕ್ಕದಲ್ಲ. ಭಟ್ಕಳದ ನವಾಯತ ಮುಸ್ಲಿಮರ ಮಾತಾದ ನವಾಯತಿ ಅರಬ್ಬಿ-ಪಾರ್ಸಿ ಅಕ್ಷರಗಳಲ್ಲಿ ಇರುತ್ತದೆ. ಕಾರವಾರದ ಕಡೆ ಕೊಂಕಣಿ ದೇವನಾಗರಿಯಲ್ಲೂ ಕನ್ನಡದಲ್ಲೂ ರೋಮನ್ ಅಕ್ಷರಗಳಲ್ಲೂ ಸಿಗಬಹುದು. ಹಳೆಯ ಮರಾಠಿ ಕಾಗದಗಳು ಮೋಡಿ ಎಂಬ ಲಿಪಿಯಲ್ಲಿರಬಹುದು. ಕನ್ನಡ ಒಂದನ್ನೇ ಬಲ್ಲವರು ಕರಾವಳಿಯ ಅರ್ಧ ಕಟ್ಟನ್ನು ಬಿಚ್ಚದೆ ಬಿಟ್ಟಂತೆ. ಜೊತೆಗೂಡಿ ಓದುವ ಒಬ್ಬರನ್ನು ಮೊದಲೇ ಹುಡುಕಿಕೊಳ್ಳಿ.

ಕೆಲಸಕ್ಕೆ ಕೂರುವಾಗ ಪತ್ರದ ಎರಡೂ ಬದಿಯ, ಲಕೋಟೆಯ, ಠಸ್ಸೆಯ ಚಿತ್ರ ತೆಗೆಯಿರಿ. ಚೀಟಿ ಸಂಗ್ರಹಿಸುವ ಮಕ್ಕಳು ಏರೋಗ್ರಾಮಿನ ಮೂಲೆ ಕತ್ತರಿಸಿದ್ದರೆ ಹಿಂಬದಿಯ ಸಾಲುಗಳೂ ಹೋಗಿರುತ್ತವೆ, ಅಷ್ಟು ಭಾಗ ಖಾಲಿ ಎಂದು ಗುರುತು ಹಾಕಿ. ಹಳೆಯ ಕಟ್ಟುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರೀಖಿನ ಕಂದರ ಕಂಡರೆ ಅದನ್ನು ಮುನಿಸೆಂದು ತಿಳಿಯಬೇಡಿ. ಮಳೆಗಾಲದಲ್ಲಿ ಕರಾವಳಿಯ ಹಡಗುಗಳು ನಿಲ್ಲುತ್ತಿದ್ದವು, ಅಂಚೆ ಘಟ್ಟ ಸುತ್ತಿ ಬರಬೇಕಿತ್ತು. ಮನೆಯವರ ಎದುರೇ ಓದಿ, ಯಾವ ಹೆಸರನ್ನು ಮುಚ್ಚಬೇಕು ಎಂದು ಮನೆಯ ಹೆಂಗಸರನ್ನೂ ಕೇಳಿ, ಅವರ ಒಪ್ಪಿಗೆ ಬರೆಯಿಸಿಕೊಂಡ ಮೇಲೆಯೇ ಪ್ರತಿ ಮಾಡಿಕೊಳ್ಳಿ.