ಲಿವರ್ ಹಿಡಿಕೆಯವರೆಗೂ ಬಂದರೆ ಬ್ರೇಕ್ ಬ್ಲೀಡ್ ಮಾಡಲೇಬೇಕೆ?

ಪ್ರಶ್ನೆ: ನನ್ನ ಮೌಂಟನ್ ಬೈಕಿನ ಹಿಂದಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಮೊದಲಿನಂತೆ ಹಿಡಿಯುತ್ತಿಲ್ಲ. ಲಿವರ್ ಒತ್ತಿದರೆ ಹೆಚ್ಚುಕಡಿಮೆ ಹ್ಯಾಂಡಲ್‌ಬಾರಿಗೆ ತಾಗುತ್ತದೆ. ಬ್ಲೀಡ್ ಮಾಡಬೇಕೆಂದು, ಅಂದರೆ ಬ್ರೇಕಿನ ಎಣ್ಣೆಯೊಳಗೆ ಸೇರಿದ ಗಾಳಿಯನ್ನು ಹೊರತೆಗೆಯಬೇಕೆಂದು, ಎಲ್ಲರೂ ಹೇಳುತ್ತಾರೆ. ಅದು ಸರಿಯೇ?

ಉತ್ತರ: ಸರಿಯಿರಬಹುದು, ಆದರೆ ಎಣ್ಣೆಗೆ ಕೈ ಹಾಕುವ ಮುನ್ನ ಲಿವರ್ ಕೊನೆಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಬೆರಳಿನಿಂದಲೇ ಪರೀಕ್ಷಿಸಿ ನೋಡಿ. ಬಹಳ ದೂರ ಒಳಗೆ ಹೋದರೂ ಅಲ್ಲಿ ಕಲ್ಲಿನಂತೆ ಗಟ್ಟಿಯಾಗಿ ನಿಂತರೆ, ತೊಂದರೆ ಬಹುಮಟ್ಟಿಗೆ ಡಿಸ್ಕನ್ನು ಉಜ್ಜಿ ಹಿಡಿಯುವ ಪ್ಯಾಡು ಅಥವಾ ಅದನ್ನು ತಳ್ಳುವ ಪಿಸ್ಟನ್ನುಗಳಲ್ಲಿದೆ. ಒತ್ತಿದಷ್ಟೂ ಮೆತ್ತಗೆ ಒಳಗೆ ಸರಿಯುತ್ತಾ, ನಾಲ್ಕೈದು ಸಲ ಬೇಗಬೇಗ ಒತ್ತಿದಾಗ ಗಟ್ಟಿಯಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗಾದರೆ, ಒಳಗೆ ಗಾಳಿ ಸೇರಿದೆ ಎಂದೇ ತಿಳಿಯಬೇಕು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ನಿಮ್ಮ ಬೆರಳಿನ ಬಲ ಪ್ಯಾಡನ್ನು ತಲುಪುವ ಬದಲು ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ.

ಮೊದಲು ಪ್ಯಾಡುಗಳನ್ನು ನೋಡಿ. ಚಕ್ರ ಕಳಚಿ, ಪ್ಯಾಡುಗಳನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಲೋಹದ ಹಿಂಬದಿಯ ತಗಡನ್ನು ಬಿಟ್ಟು ಉಜ್ಜುವ ಪದರವಷ್ಟೇ 0.5 ಮಿ.ಮೀ.ಗೆ ಇಳಿದಿದ್ದರೆ ಶಿಮಾನೊ ಬ್ರೇಕುಗಳಲ್ಲಿ ಅವುಗಳ ಆಯಸ್ಸು ಮುಗಿದಂತೆ. ಸ್ರ್ಯಾಮ್ ತನ್ನ ಬ್ರೇಕುಗಳಿಗೆ ತಗಡನ್ನೂ ಸೇರಿಸಿ 3 ಮಿ.ಮೀ. ಎಂಬ ಲೆಕ್ಕವನ್ನು ಕೊಡುತ್ತದೆ. ಡಿಸ್ಕ್ ಕೂಡ ಸವೆಯುವ ವಸ್ತುವೇ, ಹೊಸದಾಗಿ 1.8 ಮಿ.ಮೀ. ಇರುವ ಶಿಮಾನೊ ಡಿಸ್ಕ್ 1.5ಕ್ಕೆ ಇಳಿದಾಗ ಅದನ್ನು ಬದಲಿಸಬೇಕು.

ಪ್ಯಾಡು ಚೆನ್ನಾಗಿದ್ದರೂ ಲಿವರ್ ದೂರ ಹೋಗುತ್ತಿದ್ದರೆ ಪಿಸ್ಟನ್ನುಗಳ ಕಡೆ ಗಮನ ಕೊಡಿ. ಬಹುಪಾಲು ದೂರುಗಳ ಮೂಲ ಇಲ್ಲಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ಯಾಡು, ಪಿಸ್ಟನ್ನುಗಳನ್ನು ಹೊತ್ತು ಡಿಸ್ಕಿನ ಎರಡೂ ಬದಿಗೆ ಕೂರುವ ಕ್ಯಾಲಿಪರಿನೊಳಗೆ ಪ್ರತಿ ಪಿಸ್ಟನ್ನನ್ನೂ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಸುತ್ತುವರಿದಿರುತ್ತದೆ. ಲಿವರ್ ಒತ್ತಿದಾಗ ಆ ಸೀಲ್ ಪಿಸ್ಟನ್ನಿನೊಡನೆ ತುಸು ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಪ್ಯಾಡು ಸವೆದಂತೆ ಪಿಸ್ಟನ್ ಸೀಲಿನೊಳಗೆ ಜಾರಿ ಸ್ವಲ್ಪ ಮುಂದೆ ನಿಲ್ಲುತ್ತದೆ ಮತ್ತು ಆ ಕೊರತೆಯನ್ನು ಲಿವರಿನ ಬಳಿಯ ಸಣ್ಣ ತೊಟ್ಟಿಯ ಎಣ್ಣೆ ತುಂಬುತ್ತದೆ. ಹೊರಗೆ ಕಾಣುವ ಭಾಗದ ಮೇಲೆ ಕೆಸರು, ಧೂಳು ಒಣಗಿ ಅಂಟಿಕೊಂಡಾಗ ಈ ಜಾರುವಿಕೆ ಕೆಡುತ್ತದೆ. ಒಂದು ಪಿಸ್ಟನ್ ಅಲ್ಲಾಡದೆ ಕೂತು, ಇನ್ನೊಂದೇ ಮುಂದೆ ಬಂದು ಡಿಸ್ಕನ್ನು ಒಂದು ಬದಿಗೆ ಬಗ್ಗಿಸುತ್ತದೆ, ಲಿವರಿನ ಓಟವೆಲ್ಲ ಅದಕ್ಕೇ ಖರ್ಚಾಗುತ್ತದೆ.

ಇದಕ್ಕೆ ಪರಿಹಾರ ತಾಳ್ಮೆಯ ಕೆಲಸ. ಪ್ಯಾಡುಗಳಿಲ್ಲದೆ ಲಿವರನ್ನು ಮೆಲ್ಲಗೆ ಒತ್ತಿ, ಪಿಸ್ಟನ್ನುಗಳು ಒಂದೆರಡು ಮಿ.ಮೀ. ಮಾತ್ರ ಹೊರಬರುವಂತೆ ನೋಡಿಕೊಳ್ಳಿ. ಅದಕ್ಕಿಂತ ಹೆಚ್ಚು ಬಂದರೆ ಪಿಸ್ಟನ್ ಕಳಚಿ ಎಣ್ಣೆ ಸುರಿಯುವ ಭಯವಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಸುತ್ತಲೂ ಒರೆಸಿ, ಆ ಬ್ರೇಕಿಗೆ ಸೇರಿದ ಎಣ್ಣೆಯ ಒಂದು ಹನಿಯನ್ನು ಅಂಚಿಗೆ ಸವರಿ, ಪ್ಲಾಸ್ಟಿಕ್ ಟೈರ್ ಲಿವರಿನಿಂದ ನೇರವಾಗಿ ಒಳಕ್ಕೆ ತಳ್ಳಿ. ಚುರುಕಾದ ಪಿಸ್ಟನ್ನನ್ನು ತಡೆಹಿಡಿದು ಹಟಮಾರಿ ಪಿಸ್ಟನ್ನಷ್ಟೇ ಚಲಿಸುವಂತೆ ಮಾಡುತ್ತಾ, ಎರಡೂ ಒಟ್ಟಿಗೆ ಓಡಾಡುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕು. ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದ ಮೇಲೆಯೇ ಪ್ಯಾಡು ಹಾಕಿ. ಎಣ್ಣೆ ಕುಡಿದ ಪ್ಯಾಡನ್ನು ಸುಟ್ಟು, ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ, ಬದಲಿಸಿಬಿಡಿ.

ಪ್ಯಾಡು ಸವೆದಿರುವಾಗಲೇ ತೊಟ್ಟಿಗೆ ಎಣ್ಣೆ ತುಂಬುವುದು ಬಹಳ ಮಂದಿ ಮಾಡುವ ತಪ್ಪು. ಮುಂದೆ ಹೊಸ ಪ್ಯಾಡಿಗಾಗಿ ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳಿದಾಗ ಹೆಚ್ಚಾದ ಎಣ್ಣೆಗೆ ಜಾಗವಿರುವುದಿಲ್ಲ.

ಇಷ್ಟಾದರೂ ಲಿವರ್ ಮೆತ್ತಗಿದ್ದರೆ ಬ್ಲೀಡ್ ಮಾಡಲೇಬೇಕು. ಆಗ ಎಲ್ಲಕ್ಕಿಂತ ಮುಖ್ಯವಾದದ್ದು ದ್ರವದ ಜಾತಿ. ಶಿಮಾನೊ, ಮಗೂರಾ ಬ್ರೇಕುಗಳು ಮಿನರಲ್ ಆಯಿಲ್ ಬಳಸುತ್ತವೆ. ಸ್ರ್ಯಾಮಿನ ಅನೇಕ ಬ್ರೇಕುಗಳಿಗೆ ಡಾಟ್ 5.1 ಎಂಬ ಬೇರೆ ಬಗೆಯ ಬ್ರೇಕ್ ದ್ರವ ಬೇಕು, ಆದರೆ ಅದೇ ಕಂಪನಿಯ ಮೇವನ್ ಬ್ರೇಕಿಗೆ ಮಿನರಲ್ ಆಯಿಲ್. ಆದ್ದರಿಂದ ಕಂಪನಿಯ ಹೆಸರನ್ನು ನಂಬದೆ ಲಿವರಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದದ್ದನ್ನು ಓದಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಸೀಲುಗಳು ಕೆಡುತ್ತವೆ. ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ಕುದಿಯುವ ಬಿಂದು ಕುಸಿಯುತ್ತಾ ಹೋಗುತ್ತದೆ, ಡಾಟ್ 5.1ಕ್ಕೆ ಹೊಸದರಲ್ಲಿ ಕನಿಷ್ಠ 260 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಮೇಲೆ ಕನಿಷ್ಠ 180 ಡಿಗ್ರಿ ಎಂಬುದು ಮಾನದಂಡ. ಅದನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಅದು ಬಣ್ಣವನ್ನೂ ತಿನ್ನುತ್ತದೆ, ಫ್ರೇಮಿನ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ.

ಬ್ಲೀಡ್ ಮಾಡುವಾಗ ಚಕ್ರ, ಪ್ಯಾಡುಗಳನ್ನು ದೂರವಿಟ್ಟು, ಕ್ಯಾಲಿಪರಿನಲ್ಲಿ ಪ್ಯಾಡುಗಳ ಜಾಗಕ್ಕೆ ಬ್ಲೀಡ್ ಬ್ಲಾಕ್ ಎಂಬ ತುಂಡನ್ನು ಸಿಕ್ಕಿಸಿ, ಕೈಪಿಡಿಯ ಕ್ರಮವನ್ನೇ ಅನುಸರಿಸಿ. ಲಿವರಿನ ಮೇಲೆ ಆಲಿಕೆ ಕೂರಿಸುವ ಬ್ರೇಕುಗಳಲ್ಲಿ ಕೊಳವೆಯನ್ನೂ ಕ್ಯಾಲಿಪರನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಆಲಿಕೆಯೊಳಗೆ ನೋಡುತ್ತಿರಿ: ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದೊಂದಾಗಿ ಮೇಲೆದ್ದು ಬಂದು ಒಡೆಯುತ್ತವೆ. ಅವು ನಿಂತವೆಂದು ಅನಿಸಿದ ಮೇಲೂ ಕೆಲವು ನಿಮಿಷ ತಟ್ಟಿ, ಏಕೆಂದರೆ ಲಿವರಿನ ಮೂಲೆಯಲ್ಲಿ ಅಡಗಿದ ಕೊನೆಯ ಗುಳ್ಳೆ ತಡವಾಗಿಯೇ ಹೊರಡುತ್ತದೆ. ಎಲ್ಲ ಮುಚ್ಚಿ, ಒರೆಸಿ, ಚಕ್ರ ಹಾಕಿದ ಮೇಲೆ ಲಿವರನ್ನು ಬಲವಾಗಿ ಅರ್ಧ ನಿಮಿಷ ಹಿಡಿದುಕೊಂಡು ಎಲ್ಲಿಯಾದರೂ ಎಣ್ಣೆ ಜಿನುಗುತ್ತಿದೆಯೇ ಎಂದು ಪರೀಕ್ಷಿಸಿ. ಹೊಸ ಪ್ಯಾಡು ಹಾಕಿದ್ದರೆ ಸಮತಟ್ಟಾದ ಜಾಗದಲ್ಲಿ, ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಇಳಿಯುವಂತೆ, ಚಕ್ರ ಪೂರ್ತಿ ಕಚ್ಚಿ ನಿಲ್ಲದ ಹಾಗೆ ಸುಮಾರು ಇಪ್ಪತ್ತು ಸಲ ಬ್ರೇಕ್ ಹಿಡಿದ ನಂತರವೇ ಇಳಿಜಾರಿಗೆ ಹೊರಡಿ.