ಪಾಪದ ತೆರಿಗೆ: ಒಂದು ಸಿಗರೇಟು, ಒಂದು ಕಟ್ಟು ಬೀಡಿ

2026ರ ಫೆಬ್ರವರಿ. ಮಂಡ್ಯದ ನೂರಡಿ ರಸ್ತೆಯ ಒಂದು ಪೆಟ್ಟಿಗೆ ಅಂಗಡಿ. ಗಾರೆ ಕೆಲಸ ಮುಗಿಸಿ ಬಂದವರೊಬ್ಬರು ಚಿಲ್ಲರೆ ಇಟ್ಟು ಒಂದು ಸಿಗರೇಟು ಕೇಳಿದರು. (ಬಿಡಿಯಾಗಿ ಮಾರಬಾರದು ಅಂತ ಕಾನೂನಿದೆ, ಅದು ಬೇರೆ ಮಾತು.) ಅಂಗಡಿಯವರು ಚಿಲ್ಲರೆ ಎಣಿಸಿ, "ಇನ್ನೂ ಹಾಕು" ಅಂದರು.

"ಮತ್ತೆ ಜಾಸ್ತಿ ಮಾಡಿದ್ಯಾ?"

"ನಾನ್ ಮಾಡಿದ್ನಾ? ಡೆಲ್ಲಿಗೋಗಿ ಕೇಳು."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು? ಅವರು ಒಂದು ಗಳಿಗೆ ನಿಂತು ಯೋಚಿಸಿದರು. "ಹಂಗಾರೆ ಒಂದು ಕಟ್ಟು ಬೀಡಿ ಕೊಡು" ಅಂದು ಕೊಂಡು ಹೋದರು.

ಅವರು ಕೊಡದೇ ಉಳಿಸಿಕೊಂಡ ಆ ಮೇಲಿನ ರೂಪಾಯಿಗೆ ಒಂದು ಹೆಸರಿದೆ. ಸಿನ್ ಟ್ಯಾಕ್ಸ್, ಅಂದರೆ ಪಾಪದ ತೆರಿಗೆ. ಮಾಮೂಲಿ ತೆರಿಗೆಗೆ ದುಡ್ಡು ಬಂದರೆ ಸಾಕು. ಇದಕ್ಕೆ ಇನ್ನೊಂದು ಆಸೆ: ನೀವು ಆ ವಸ್ತುವನ್ನು ಕೊಳ್ಳುವುದೇ ಕಡಿಮೆಯಾಗಬೇಕು. ಸರ್ಕಾರ ಬೇಡ ಅನ್ನುವುದಿಲ್ಲ. ಬೇಕಾದರೆ ತಗೋ, ಆದರೆ ಜೇಬಿಗೆ ಬಿಸಿ ಮುಟ್ಟಿಸಿಕೊಂಡು ತಗೋ ಅನ್ನುತ್ತದೆ. ಹೊಗೆಸೊಪ್ಪು, ಪಾನ್ ಮಸಾಲ, ಮದ್ಯ, ಜೂಜು, ಸಿಹಿ ಪಾನೀಯ ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ 'ಆರೋಗ್ಯ ತೆರಿಗೆ' ಅನ್ನುತ್ತದೆ. ಹೆಸರು ಮೆತ್ತಗಿದೆ, ಕೆಲಸ ಅದೇ.

ತೆರಿಗೆ ಹಾಕಿ ಜನರನ್ನು ತಿದ್ದುವ ಯೋಚನೆ ಹೊಸದಲ್ಲ. 1698ರಲ್ಲಿ ರಷ್ಯಾದ ದೊರೆ ಪೀಟರ್ ಗಡ್ಡದ ಮೇಲೆ ತೆರಿಗೆ ಹಾಕಿದ್ದ. ತನ್ನ ಜನ ಯುರೋಪಿನವರ ಹಾಗೆ ನುಣ್ಣಗೆ ಕಾಣಬೇಕು ಅಂತ ಅವನ ಹಟ. ದುಡ್ಡು ಕಟ್ಟಿದವರಿಗೆ ಒಂದು ಬಿಲ್ಲೆ ಸಿಗುತ್ತಿತ್ತು, ಗಡ್ಡಕ್ಕೆ ರಸೀದಿ! ಇದಕ್ಕೆ ಗಂಭೀರವಾದ ಸಮರ್ಥನೆ ಕೊಟ್ಟವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ, 1920ರಲ್ಲಿ. ನೀನು ಮಾಡುವ ಕೆಲಸದ ನಷ್ಟ ಪಕ್ಕದವನಿಗೂ ತಟ್ಟಿದರೆ, ಆ ನಷ್ಟವನ್ನೂ ಬೆಲೆಯೊಳಗೆ ಸೇರಿಸು ಅನ್ನುವುದು ಅವರ ವಾದದ ತಿರುಳು.

ಇದು ಕೆಲಸ ಮಾಡುತ್ತದಾ? ಮಾಡುತ್ತದೆ. ನಮ್ಮಂಥ ದೇಶಗಳಲ್ಲಿ ಸಿಗರೇಟಿನ ಬೆಲೆ ಶೇ 10ರಷ್ಟು ಏರಿದರೆ ಸೇದುವುದು ಸುಮಾರು ಶೇ 5ರಷ್ಟು ಇಳಿಯುತ್ತದೆ ಅನ್ನುವುದು ಎಲ್ಲರೂ ಒಪ್ಪುವ ಲೆಕ್ಕ. ಮೊದಲು ಬಿಡುವವರು ಹುಡುಗರು ಮತ್ತು ಕೈಯಲ್ಲಿ ಕಾಸು ಕಡಿಮೆ ಇರುವವರು. ಆದರೆ ಪಕ್ಕದಲ್ಲೇ ಅಗ್ಗದ್ದು ಇರಬಾರದು. ಇಲ್ಲೇ ನಮ್ಮ ತೆರಿಗೆ ಎಡವುವುದು. 2026ರ ಫೆಬ್ರವರಿ 1ರಿಂದ ಸಿಗರೇಟಿಗೆ ಶೇ 40 ಜಿಎಸ್‌ಟಿ, ಅದರ ಮೇಲೆ ಉದ್ದ ನೋಡಿಕೊಂಡು ಅಬಕಾರಿ ಸುಂಕ. ಬೀಡಿಗೆ ಶೇ 18. ಶ್ವಾಸಕೋಶಕ್ಕೆ ಎರಡೂ ಒಂದೇ ಅಲ್ವಾ? ಡೆನ್ಮಾರ್ಕ್ 2011ರಲ್ಲಿ ಬೆಣ್ಣೆ, ಚೀಸ್‌ನಂಥ ಕೊಬ್ಬಿನ ಪದಾರ್ಥಕ್ಕೆ ತೆರಿಗೆ ಹಾಕಿದಾಗ ಜನ ಗಡಿ ದಾಟಿ ಜರ್ಮನಿಯಲ್ಲಿ ಕೊಂಡು ತಂದರು. ವರ್ಷ ಕಳೆಯುತ್ತಲೇ ತೆರಿಗೆ ವಾಪಸ್ ಆಯಿತು. ನಮ್ಮ ಗಾರೆಯವರಿಗೆ ಗಡಿ ದಾಟುವ ತೊಂದರೆಯೂ ಇಲ್ಲ. ಬೀಡಿ ಅದೇ ಅಂಗಡಿಯಲ್ಲಿ, ಒಂದು ಗೇಣು ಆಚೆ ಇದೆ.

ಸಿಹಿ ಪಾನೀಯದ ಕತೆಯನ್ನು ಸಕ್ಕರೆ ನಾಡಿನವರಾದ ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಆಲೆಮನೆಯ ಬೆಲ್ಲವನ್ನು ಬಿಡಿಯಾಗಿ ಕೊಂಡರೆ ಜಿಎಸ್‌ಟಿ ಇಲ್ಲ. ಸಕ್ಕರೆಗೆ ಶೇ 5. ಅದೇ ಸಕ್ಕರೆಯನ್ನು ನೀರಿಗೆ ಸುರಿದು ಗ್ಯಾಸ್ ತುಂಬಿದರೆ ಶೇ 40! ಮೊದಲು 28 ತೆರಿಗೆ, 12 ಸೆಸ್ ಅಂತಿತ್ತು. 2025ರ ಸೆಪ್ಟೆಂಬರ್ 22ರಿಂದ ಒಟ್ಟಿಗೇ 40 ಅಂತಾಯಿತು. ಮೊತ್ತ ಅಷ್ಟೇ. ತಮಾಷೆ ಏನೆಂದರೆ, ಸಕ್ಕರೆಯೇ ಇಲ್ಲದ ಡಯಟ್ ಕೋಲಾಕ್ಕೂ 40. ಹಾಗಾದರೆ ಪಾಪ ಸಕ್ಕರೆಯದ್ದೋ, ಗುಳ್ಳೆಯದ್ದೋ? ಬ್ರಿಟನ್ನಿನವರು ಇದನ್ನು ಜಾಣತನದಿಂದ ಮಾಡಿದರು. 2018ರ ಏಪ್ರಿಲ್‌ನಿಂದ ಅಲ್ಲಿ 100 ಮಿಲೀಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ತೆರಿಗೆ, 8 ಗ್ರಾಂ ಮುಟ್ಟಿದರೆ ಇನ್ನೂ ಜಾಸ್ತಿ. ತೆರಿಗೆ ಶುರುವಾಗುವ ಮೊದಲೇ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿಬಿಟ್ಟವು. ಕುಡಿಯುವವರಿಗೆ ಬುದ್ಧಿ ಹೇಳುವ ಬದಲು ತಯಾರಿಸುವವರ ಕೈ ಹಿಡಿದದ್ದು ನನಗೆ ಇಷ್ಟವಾಯಿತು.

ಮದ್ಯಕ್ಕೆ ಬಂದರೆ ಪದದ ಅರ್ಥವೇ ಅಲುಗಾಡುತ್ತದೆ. ಕುಡಿಯುವ ಮದ್ಯ ಜಿಎಸ್‌ಟಿಯಲ್ಲಿ ಇಲ್ಲ, ಅದು ರಾಜ್ಯದ ಅಬಕಾರಿ ಇಲಾಖೆಯ ಪಾಲು. ಕರ್ನಾಟಕದ 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. 'ಗುರಿ' ಅನ್ನುವ ಆ ಮಾತನ್ನು ಗಮನಿಸಿ. ಪಾಪದ ತೆರಿಗೆ ನಿಜಕ್ಕೂ ಗೆದ್ದರೆ ಅದರ ವಸೂಲಿ ವರ್ಷ ವರ್ಷ ಕರಗಬೇಕು. ಗುರಿ ಮುಟ್ಟಲಿಲ್ಲ ಅಂತ ಅಧಿಕಾರಿಗಳಿಗೆ ತಲೆಬಿಸಿಯಾದರೆ ಅದು ಪಾಪದ ತೆರಿಗೆ ಅಲ್ಲ, ಸುಮ್ನೆ ತೆರಿಗೆ.

ಮೈಸೂರು ಜಿಲ್ಲೆಯ ಕಡೆ ಹೊರಳಿದರೆ ಇನ್ನೊಂದು ನೋಟ. ಹುಣಸೂರು, ಪಿರಿಯಾಪಟ್ಟಣದ ರೈತರು ಹೊಗೆಸೊಪ್ಪು ಬೆಳೆದು, ಬ್ಯಾರನ್‌ನಲ್ಲಿ (ಎಲೆಗೆ ಬಿಸಿ ಕೊಟ್ಟು ಒಣಗಿಸುವ ಮನೆ) ಹದಮಾಡಿ, ಕೇಂದ್ರದ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಒಯ್ಯುತ್ತಾರೆ. ಬೆಳೆಯುವುದಕ್ಕೆ ಲೈಸೆನ್ಸ್ ಕೊಡುವುದೂ ಸರ್ಕಾರವೇ, ಸೇದಬೇಡಿ ಅಂತ ತೆರಿಗೆ ಏರಿಸುವುದೂ ಸರ್ಕಾರವೇ. ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆ.

ಇಂಗ್ಲಿಷಿನ ಸಿನ್‌ಗೆ ಒಂದೇ ಮುಖ. ನಮ್ಮ ಪಾಪಕ್ಕೆ ಎರಡು. ತಪ್ಪು ಮಾಡಿದರೂ ಪಾಪ, ಕೈಲಾಗದವರನ್ನು ಕಂಡರೂ "ಅಯ್ಯೋ ಪಾಪ". ದಿನಕ್ಕೆ ಎಂಟುನೂರು ದುಡಿಯುವವರಿಗೂ ತಿಂಗಳಿಗೆ ಲಕ್ಷ ಎಣಿಸುವವರಿಗೂ ಒಂದು ಸಿಗರೇಟಿನ ಮೇಲಿನ ತೆರಿಗೆ ಒಂದೇ. ಹಾಗಾಗಿ ಈ ತೆರಿಗೆ ಎರಡನೇ ಅರ್ಥದ ಪಾಪದವರಿಗೇ ಹೆಚ್ಚು ಚುರುಕು ಮುಟ್ಟಿಸುತ್ತದೆ. ಚುರುಕು ಮುಟ್ಟಿದವರೇ ಮೊದಲು ಬಿಡುತ್ತಾರೆ, ಆರೋಗ್ಯದ ಲಾಭವೂ ಅವರಿಗೇ ಅಂತ ತೆರಿಗೆಯ ಪರ ಇರುವವರು ಹೇಳುತ್ತಾರೆ. ಬಿಟ್ಟರೆ ಸರಿ.

ಮಾರ್ಚಿನಲ್ಲಿ ಅದೇ ಅಂಗಡಿಗೆ ಬಾಳೆಹಣ್ಣಿಗೆ ಹೋದಾಗ ಸಿಗರೇಟು ವ್ಯಾಪಾರ ಹೇಗಿದೆ ಅಂತ ಕೇಳಿದೆ.

"ಕಮ್ಮಿ ಆಯ್ತು ಸಾ" ಅಂದರು ಅಂಗಡಿಯವರು. "ಬೀಡಿ ಮಾತ್ರ ತಂದಷ್ಟೂ ಸಾಲ್ತಿಲ್ಲ."